ಹಡಗು, ಸಾಲ, ಸ್ಮಗ್ಲಿಂಗ್: ಯಾವ ಸಿಸ್ಟಂ ತಗೊಳ್ಳೋದು? ಆಡಿದವರು ಹೇಳಿ

ಗುಂಡುಪಾತ್ರೆ:
ನಾವು ಐದು ಜನ. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ಡೈಸ್ ಉರುಳಿಸಿ ಪಾತ್ರ ಆಡೋ ಆಟ) ಐದನೇ ಎಡಿಷನ್ ಎರಡು ವರ್ಷ ಆಡಿ ಸಾಕಾಗಿದೆ. ಈಗ ಬಾಹ್ಯಾಕಾಶ ಬೇಕು: ಒಂದು ಹಳೇ ಸರಕು ಹಡಗು, ಕಳ್ಳಸಾಗಣೆ, ಹಿಂದೆ ಬಿದ್ದಿರೋ ಸಾಲ ಕೊಟ್ಟೋರು. ಎರಡು ವಾರಕ್ಕೊಂದು ಭಾನುವಾರ, ಮೂರೇ ಗಂಟೆ. ಒಬ್ಬಳು ಪೂರ್ತಿ ಹೊಸಬಳು, ಡೈಸ್ ಕೈಲಿ ಹಿಡಿದವಳಲ್ಲ. ಏನು ತಗೊಳ್ಳಲಿ?

ಕಂತು_ಕ್ಯಾಪ್ಟನ್:
ಟ್ರಾವೆಲರ್. ಬೇರೆ ಮಾತೇ ಇಲ್ಲ. ಮೊಂಗೂಸ್‌ನವರ 2022ರ ಪುಸ್ತಕ ಇಟ್ಕೊಂಡು ಹದಿನಾಲ್ಕು ತಿಂಗಳು ನಡೆಸಿದೀನಿ. 2ಡಿ6 (ಆರು ಮುಖದ ಎರಡು ಡೈಸ್) ಉರುಳಿಸು, ಸ್ಕಿಲ್ ಕೂಡು, 8 ಬಂದ್ರೆ ಆಯ್ತು. ನಿಜವಾದ ಮಜಾ ಇರೋದು ಹಡಗಿನ ಸಾಲದಲ್ಲಿ. ತಿಂಗಳಿಗೆ ಹಡಗಿನ ಬೆಲೆಯ 240ರಲ್ಲಿ ಒಂದು ಭಾಗ, 40 ವರ್ಷ, 480 ಕಂತು. ಅಂದ್ರೆ ಒಂದು ಹಡಗಿಗೆ ಎರಡು ಹಡಗಿನ ದುಡ್ಡು. ನಮ್ಮ ಎಂಜಿನಿಯರ್ ಪಾತ್ರ ಆಡ್ತಿದ್ದವನು ಆಗಷ್ಟೇ ಯಲಹಂಕದಲ್ಲಿ ಫ್ಲಾಟ್ ತಗೊಂಡಿದ್ದ. "ವಾರವೆಲ್ಲ ಇಎಂಐ ಯೋಚನೆ, ಭಾನುವಾರಾನೂ ಅದೇನಾ" ಅಂತ ಎದ್ದು ಬಾಲ್ಕನಿಗೆ ಹೋದ.

200 ಟನ್‌ನ ಫ್ರೀ ಟ್ರೇಡರ್ ಅನ್ನೋ ಸರಕು ಹಡಗು, ಒಂದು ಜಂಪ್‌ಗೆ 20 ಟನ್ ಇಂಧನ. ಜಂಪ್ (ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯೋದು) ಅಂದ್ರೆ ಒಂದು ವಾರ, ಒಂದು ಪಾರ್ಸೆಕ್ (ನಕ್ಷತ್ರಗಳ ದೂರದ ಅಳತೆ) ಹೋಗಿ ಆರು ಹೋಗಿ. ಬಂದರಲ್ಲಿ ಇನ್ನೊಂದು ವಾರ. ತಿಂಗಳಿಗೆ ಎರಡೇ ಟ್ರಿಪ್, ಅಷ್ಟರಲ್ಲೇ ಕಂತು ಹುಟ್ಟಬೇಕು. ನಮ್ಮೋರು ದುಡ್ಡು ಉಳಿಸೋಕೆ ಗ್ಯಾಸ್ ಜೈಂಟ್‌ನಿಂದ (ಗುರುವಿನಂಥ ಅನಿಲದ ಗ್ರಹ) ಮೊಗೆದ ಇಂಧನವನ್ನ ಶುದ್ಧ ಮಾಡದೆ ಹಾಕ್ಕೊಂಡ್ರು. ಮಿಸ್‌ಜಂಪ್. ನರಪಿಳ್ಳೆ ಇಲ್ಲದ ಕಡೆ ಹೋಗಿ ಬಿದ್ರು. ವಾಪಸ್ ಬರೋಕೆ ಮೂರು ಸೆಷನ್, ಬಂದಾಗ ನಾಲ್ಕು ಕಂತು ಬಾಕಿ. ನನ್ನ ಎಕ್ಸೆಲ್‌ನಲ್ಲಿ 11 ಶೀಟ್ ಇತ್ತು, ಇವತ್ತಿಗೂ ಇದೆ. ಒಬ್ಬ ಪ್ಲೇಯರ್ ಮಧ್ಯೆ ಬಿಟ್ಟು ಹೋದ. ಅವನಿಗೆ ತಾಳ್ಮೆ ಇರಲಿಲ್ಲ, ಅದು ಸಿಸ್ಟಂ ತಪ್ಪಲ್ಲ.

ಶೆಲ್ಫ್‌ಭಾರ:
ನಾನು ಸ್ಟಾರ್‌ಫೈಂಡರ್ ತಗೊಂಡವನು. ಬರೀ ಲೆಕ್ಕ ಹೇಳ್ತೀನಿ. ಕೋರ್ ಪುಸ್ತಕ 4,650. ಏಲಿಯನ್ ಆರ್ಕೈವ್ 3,200. ಮ್ಯಾಟ್ ಎರಡು, 2,900. ನಿಲ್ಲಿಸೋ ರಟ್ಟಿನ ಗೊಂಬೆಗಳು 3,400. ಕೊರಿಯರ್, ಡ್ಯೂಟಿ ಸೇರಿ 3,870. ಪುಸ್ತಕಕ್ಕೆ 2019ರ ಬಜೆಟ್‌ನಲ್ಲಿ ಹಾಕಿದ್ದು 5% ಸುಂಕ, ಅಷ್ಟೇ ಅಂದ್ಕೊಂಡಿದ್ದೆ. ಒಂದೇ ಡಬ್ಬಿಯಲ್ಲಿ ಗೊಂಬೆ ಇದ್ದಿದ್ದಕ್ಕೆ ಕೊರಿಯರ್‌ನವರು ಪೂರ್ತಿ ಡಬ್ಬೀನೇ ಆಟದ ಸಾಮಾನು ಅಂತ ಬರೆದ್ರು. ಒಟ್ಟು 18,020.

ಇನ್ನು ಹಡಗಿನ ಯುದ್ಧ. 2017ರ ಮೊದಲ ಮುದ್ರಣದಲ್ಲಿ ಹಲವು ಚೆಕ್‌ನ ಡಿಸಿ (ಗೆಲ್ಲೋಕೆ ಮುಟ್ಟಬೇಕಾದ ಅಂಕ) ಅಂದ್ರೆ 10 ಕೂಡಿಸು ಟಿಯರ್‌ನ (ಹಡಗಿನ ದರ್ಜೆ) ಎರಡರಷ್ಟು. ಹಡಗು ಒಳ್ಳೇದಾದಷ್ಟೂ ಓಡಿಸೋದು ಕಷ್ಟ! ಆಮೇಲೆ ಅದನ್ನ ಒಂದೂವರೆ ಪಟ್ಟಿಗೆ ತಿದ್ದಿದಾರೆ. ನನ್ನ ಹತ್ರ ಇದ್ದದ್ದು ಹಳೇ ಮುದ್ರಣ, ಎಂಟು ತಿಂಗಳು ಗೊತ್ತೇ ಆಗಲಿಲ್ಲ. ಪೈಲಟ್ ಆಡ್ತಿದ್ದ ನನ್ನ ಭಾವಮೈದ ಫೇಲ್ ಆಗಿ ಆಗಿ ಕೊನೆಗೆ ಫೋನ್ ನೋಡ್ಕೊಂಡು ಕೂರ್ತಿದ್ದ. 2025ರಲ್ಲಿ ಎರಡನೇ ಎಡಿಷನ್ ಬಂತು, ಅದೇ ಕಂಪನಿಯ ಫ್ಯಾಂಟಸಿ ಆಟ ಪಾತ್‌ಫೈಂಡರ್‌ನ ಎರಡನೇ ಎಡಿಷನ್‌ಗೆ ಹೊಂದೋ ಹಾಗೆ. ನನ್ನ 18,020 ಶೋಕೇಸ್‌ನಲ್ಲಿ, ದಸರಾ ಗೊಂಬೆಗಳ ಪಕ್ಕ.

ಆದ್ರೂ ಹೇಳ್ತೀನಿ, ಕ್ಲಾಸ್ (ಪಾತ್ರದ ಬಗೆ), ಲೆವೆಲ್, ಡಿ20 (20 ಮುಖದ ಡೈಸ್) ಎಲ್ಲಾ ಗೊತ್ತಿರೋರಿಗೆ ಅದೇ ಸಲೀಸು.

ಹೆಕ್ಸ್‌ಹುಚ್ಚಿ:
ಹದಿನೆಂಟು ಸಾವಿರ!! ಸ್ಟಾರ್ಸ್ ವಿದೌಟ್ ನಂಬರ್ ಅನ್ನೋ ಆಟದ 2017ರ ರಿವೈಸ್ಡ್ ಎಡಿಷನ್ ಪಿಡಿಎಫ್ ಉಚಿತ ಸ್ವಾಮಿ. ಆಡೋಕೆ ಬೇಕಾದ್ದೆಲ್ಲ ಅದರಲ್ಲೇ ಇದೆ. ಎರಡೂ ಮಗ್ಗುಲು ಪ್ರಿಂಟು, ಸ್ಪೈರಲ್ ಬೈಂಡಿಂಗ್, ನನಗೆ ಬಿದ್ದಿದ್ದು 390 ರೂಪಾಯಿ.

ಎಂಟು ಬೈ ಹತ್ತು ಹೆಕ್ಸ್ (ಆರು ಮೂಲೆಯ ಮನೆ) ನಕ್ಷೆ, ಗ್ರಹಕ್ಕೆ ಎರಡೆರಡು ಟ್ಯಾಗ್ (ಅಲ್ಲಿನ ವಿಶೇಷ ಹೇಳೋ ಗುರುತು), ಕಥೆ ತಾನಾಗೇ ಹುಟ್ಟುತ್ತೆ. ನನ್ನ ಎಡವಟ್ಟೂ ಅಲ್ಲೇ ಆಗಿದ್ದು ಅನ್ನಿ. ನಾಲ್ಕು ತಿಂಗಳು ಕೂತು 26 ಗ್ರಹ ಮಾಡಿದೆ. ಶನಿವಾರ ರಾತ್ರಿ ಒಬ್ಬಳೇ ಕೂತು ಫ್ಯಾಕ್ಷನ್ ಟರ್ನ್ ಆಡ್ತಿದ್ದೆ: ಯಾವ ಬಣ ಯಾರ ಮೇಲೆ ಬಿತ್ತು, ಯಾರ ನೆಲೆ ಹೋಯ್ತು ಅಂತ. ನಮ್ಮ ಹುಡುಗರು ನೋಡಿದ್ದು ಎರಡು ಗ್ರಹ. ಎರಡನೇದರಲ್ಲಿ ಒಂದು ಕ್ಯಾಂಟೀನ್ ತೆಗೆದು ಅಲ್ಲೇ ಉಳ್ಕೊಂಡ್ರು. ಉಳಿದ 24 ಗ್ರಹ ನನ್ನ ಜತೇನೇ ಹೋಗೋದು.

ಮತ್ತೆ ಆ ಸ್ಟಾರ್‌ಫೈಂಡರ್‌ನಲ್ಲಿ ಮಾಟಮಂತ್ರ ಇದೆ. ಅದು ಸೈನ್ಸ್ ಫಿಕ್ಷನ್ ಹೇಗಾಗುತ್ತೆ? ಡಿ ಅಂಡ್ ಡಿಗೆ ಹೆಲ್ಮೆಟ್ ಹಾಕಿದ ಹಾಗೆ.

ಶೆಲ್ಫ್‌ಭಾರ:
ಮೇಡಂ, ನಿಮ್ಮಲ್ಲಿ ಸೈಕಿಕ್ ಕ್ಲಾಸ್ ಇಲ್ವಾ? ಮನಸ್ಸಲ್ಲೇ ಟೆಲಿಪೋರ್ಟ್ ಆಗೋದು ಯಾವ ಸೀಮೆ ಸೈನ್ಸು? ದಾಳಿಗೆ ಡಿ20, ಸ್ಕಿಲ್‌ಗೆ 2ಡಿ6, ಪ್ರತಿ ಸೆಷನ್‌ನಲ್ಲೂ "ಈಗ ಯಾವ ಡೈಸ್?" ಪುಕ್ಕಟೆ ಸಿಕ್ರೆ ನನಗೊಂದು ನಮ್ಮಪ್ಪನಿಗೊಂದು ಅನ್ನೋರಿಗೆ ಸರಿ ಬಿಡಿ.

ಹೆಕ್ಸ್‌ಹುಚ್ಚಿ:
ಅಪ್ಪನ ಸುದ್ದಿಗೆ ಬರಬೇಡಿ. ಹಾರ್ಡ್‌ಕವರ್ ಸಂಬಳ ಬಂದ ಮೇಲೆ ನಾನೂ ತಗೊಂಡಿದೀನಿ. ಓದಿ, ಆಡಿ, ಹಿಡಿಸಿದ ಮೇಲೆ. ನಿಮ್ಮ ಹಾಗೆ ಡಬ್ಬಿ ಒಡೆಯೋ ಖುಷಿಗಲ್ಲ.

ಗುಂಡುಪಾತ್ರೆ:
ಹೊಸಬಳಿಗೆ ಇದರಲ್ಲಿ ಯಾವುದು ಸುಲಭ ಅಂತ...

ಬೆವರುಹನಿ:
ಮದರ್‌ಶಿಪ್ (ಬಾಹ್ಯಾಕಾಶದ ಹಾರರ್ ಆಟ) ಹೆಸರು ಯಾರೂ ಎತ್ತಿಲ್ಲ, ಆಶ್ಚರ್ಯ. ಡಬ್ಲಿನ್‌ನಲ್ಲಿ ನಾವು ನಾಲ್ಕು ಜನ ಕನ್ನಡದೋರು ಚಳಿಗಾಲ ಪೂರ್ತಿ ಆಡಿದ್ವಿ, ಪೂರ್ತಿ ಕನ್ನಡದಲ್ಲಿ. ಸ್ಟ್ರೆಸ್‌ಗೆ ನಾವಿಟ್ಟ ಹೆಸರು ತಲೆಬಿಸಿ. 2ರಿಂದ ಶುರು, ಯಾವ ರೋಲ್ ಫೇಲ್ ಆದ್ರೂ ಒಂದು ಏರುತ್ತೆ. ಪ್ಯಾನಿಕ್ ಚೆಕ್ (ಪಾತ್ರ ಗಾಬರಿ ಬೀಳುತ್ತಾ ಅಂತ ನೋಡೋ ರೋಲ್) ಬಂದಾಗ ಡಿ20 ತಲೆಬಿಸಿಗಿಂತ ಮೇಲೆ ಬೀಳಬೇಕು. ನಮ್ಮಲ್ಲಿ ಟೀಮ್‌ಸ್ಟರ್ (ಹಡಗಿನ ಕೆಲಸಗಾರ) ಆಗಿದ್ದವನು ಹಾಸನದ ಲಾರಿ ಡ್ರೈವರ್ ಥರಾನೇ ಮಾತಾಡ್ತಿದ್ದ, ನಕ್ಕು ನಕ್ಕು ಸಾಕಾಗೋದು. ಮೂರನೇ ಸೆಷನ್‌ಗೆ ಅವನ ತಲೆಬಿಸಿ 13. ಏರ್‌ಲಾಕ್ ಹತ್ರ 4 ಬಿತ್ತು. ಅವನೂ ಹೋದ, ಅವನನ್ನ ಎಳೆಯೋಕೆ ಹೋದ ಆಂಡ್ರಾಯ್ಡೂ ಹೋಯ್ತು. ಆ ಆಂಡ್ರಾಯ್ಡ್ ಆಡ್ತಿದ್ದಾಕೆ ನನ್ನ ಹೆಂಡತಿ. ಎರಡು ದಿನ ಮಾತಿಲ್ಲ. ಒಂದು ರಾತ್ರಿಯ ಕಥೆಗೆ ಅದರಂಥದ್ದು ಇನ್ನೊಂದಿಲ್ಲ. ಆದ್ರೆ ವರ್ಷಗಟ್ಟಲೆ ಎಳೆಯೋಕೆ ಹೋದ್ರೆ ಹಡಗು ಉಳಿಯುತ್ತೆ, ಜನ ಉಳಿಯಲ್ಲ.

ಕಡಲಕೊಕ್ಕರೆ:
ತಲೆಬಿಸಿ ಅಲ್ಲ ಮಾರಾಯ್ರೇ, ಮಂಡೆಬಿಸಿ. ಹೆದರಿಕೆ, ಸುಸ್ತು, ಬೇಜಾರು ಎಲ್ಲ ಒಟ್ಟಿಗೆ ಬರುದು ಅದ್ರಲ್ಲಿ.

ಬೆವರುಹನಿ:
ಮಂಡೆಬಿಸಿ ಅಂದ್ರೆ ನಮ್ಮ ಕಡೆಯೋರಿಗೆ ಕಾಮಿಡಿ ಆಗುತ್ತೆ, ಹಾರರ್ ಆಗಲ್ಲ.

ಕಡಲಕೊಕ್ಕರೆ:
ನಿಮ್ಮ ಲಾರಿ ಡ್ರೈವರ್ ಕಾಮಿಡಿ ಅಲ್ವಾ ಹಾಗಾದ್ರೆ?

ಮೂರೇಬಿತ್ತು:
ಕ್ಯಾಪ್ಟನ್ ಸಾಹೇಬ್ರು ಹೇಳಿದ ತಾಳ್ಮೆ ಇಲ್ಲದ ಪ್ಲೇಯರ್ ನಾನೇ. ಈಗ ನನ್ನ ಕಡೆ ಕೇಳಿ. 2022ರ ಪುಸ್ತಕದಲ್ಲಿ ಪಾತ್ರ ಮಾಡುವಾಗ, ಅಂದ್ರೆ ಆಟಕ್ಕೆ ಮೊದಲಿನ ಅವನ ಕೆಲಸದ ವರ್ಷಗಳನ್ನ ಡೈಸ್‌ನಲ್ಲೇ ಕಳೆಯುವಾಗ, ಸರ್ವೈವಲ್ (ಉಳ್ಕೋತಾನಾ ಅನ್ನೋ ರೋಲ್) ಫೇಲ್ ಆದ್ರೆ ಕೆಲಸ ಹೋಗುತ್ತೆ, ಜೀವ ಹೋಗಲ್ಲ. ಈ ಮನುಷ್ಯ "ಅಸಲಿ ರುಚಿ ಬೇಕು" ಅಂತ ಟ್ರಾವೆಲರ್‌ನ ಮೊದಲ ಎಡಿಷನ್, 1977ರ ನಿಯಮ ತಂದ: ಫೇಲ್ ಅಂದ್ರೆ ಸತ್ತ. ನಾನೋ ಸ್ಕೌಟ್ ಆಗ್ತೀನಿ ಅಂತ ಹಠ, ಅದರಲ್ಲಿ ಬದುಕಿ ಉಳಿಯೋಕೆ 7 ಬೀಳಬೇಕು. ಆಟ ಶುರುವಾಗೋ ಮೊದಲೇ ಮೂರು ಸಲ ಸತ್ತೆ. ಮೂರು ಸಲಾನೂ ಹೆಸರು, ಊರು, ಅವ್ವ ಅಪ್ಪ ಬರ್ಕೊಂಡಿದ್ದೆ. ನಾಲ್ಕನೆಯವನು ನೇವಿ, ಏಳು ಟರ್ಮ್ ಮಾಡಿ ಬಂದ. ನಾಲ್ಕು ವರ್ಷದ್ದು ಒಂದು ಟರ್ಮ್, ಹೊರಗೆ ಬರೋ ಹೊತ್ತಿಗೆ 46. ವಯಸ್ಸಿನ ರೋಲ್‌ನಲ್ಲಿ ಮೈಶಕ್ತಿ ಎಲ್ಲ ಸೋರಿ ಹೋಗಿತ್ತು. ಅಂಥವನನ್ನ ಕರ್ಕೊಂಡು ಹೋಗಿ 11 ಶೀಟ್ ಎಕ್ಸೆಲ್ ಮುಂದೆ ಕೂರಿಸಿದ. ಹೋದ ಆರು ಭಾನುವಾರದಲ್ಲಿ ಒಂದು ಸಲ ಗುಂಡು ಹಾರಿಸಿದ್ರೆ ಕೇಳಿ.

ಕಂತು_ಕ್ಯಾಪ್ಟನ್:
ಮಗಾ, ಆ ನಿಯಮಕ್ಕೆ ಎಲ್ಲರೂ ಹೂಂ ಅಂದಿದ್ರು. ನೀನೂ. ಬಿರಿಯಾನಿ ತಿಂತಾ ಹೂಂ ಅಂದಿದ್ದೆ. ಅದರ ದುಡ್ಡು ಇನ್ನೂ ಕೊಟ್ಟಿಲ್ಲ.

ಹೆಕ್ಸ್‌ಹುಚ್ಚಿ:
ಮೂರು ಸಲ ಸಾಯಿಸಿ ಆಮೇಲೆ ಇಎಂಐ ಕಟ್ಟಿಸೋದಾ? ಇದನ್ನ ಹೊಸಬಳಿಗೆ ಹೇಳ್ತಾ ಇದೀರಲ್ಲ ಸಾರ್!

ಕಂತು_ಕ್ಯಾಪ್ಟನ್:
24 ಗ್ರಹ ಗೋಡೆಗೆ ತೂಗಿ ಹಾಕಿದವರು ನನಗೆ ಹೇಳಬೇಡಿ.

ಗುಂಡುಪಾತ್ರೆ:
ಉಚಿತದ್ದು ಇಳಿಸ್ಕೊಂಡೆ. ಹಡಗಿನ ಸಾಲಾನ ಅದಕ್ಕೇ ಅಂಟಿಸಿ ನೋಡ್ತೀವಿ, ಕಂತು ಮಾತ್ರ ಮೂರು ತಿಂಗಳಿಗೊಂದು. ಹೊಸಬಳಿಗೆ ವಾರಿಯರ್ ಕೊಡ್ತೀನಿ, ಸೀನ್‌ಗೊಂದು ಸಲ ಏಟು ತಪ್ಪಲ್ಲ ಅಂತ ಬರೆದಿದೆ.

ಮೂರೇಬಿತ್ತು:
ಬಿರಿಯಾನಿ 240 ರೂಪಾಯಿ, ಇವತ್ತೇ ಕಳಿಸ್ತೀನಿ. ನನ್ನ ಹಸಿರು ಡೈಸ್ ಜೋಡಿ ನಿನ್ನ ಮನೇಲಿದೆ, ಅದನ್ನ ಯಾವಾಗ ಕೊಡ್ತೀಯ?

ಕಂತು_ಕ್ಯಾಪ್ಟನ್:
ಒಂದು ಕೊಡ್ತೀನಿ. ಇನ್ನೊಂದು ನೀನು ಎದ್ದು ಹೋದ ದಿನ ಎಸೆದದ್ದು, ಬೀರು ಕೆಳಗಿದೆ. ಬೀರು ಸರಿಸೋಕೆ ಇಬ್ಬರು ಬೇಕು.