ಜಗಳವೇ ಆಗದೆ ದೂರವಾದ ಗೆಳೆತನದ ಬಗ್ಗೆ ಹಿಂದಿನವರು ಏನಾದರೂ ಹೇಳಿದ್ದಾರಾ?

ಪುಟತಿರುವು ಕೇಳಿದ್ದು:

ಮಣಿರತ್ನಂ ಅವರ 'ದಳಪತಿ' (1991) ಮತ್ತೆ ನೋಡಿದೆ. ಕರ್ಣ, ದುರ್ಯೋಧನರ ಗೆಳೆತನವನ್ನು ಈ ಕಾಲಕ್ಕೆ ತಂದ ಕಥೆ ಅದು. ಎದುರು ನಿಂತ ಕಲೆಕ್ಟರ್ ತನ್ನ ತಮ್ಮನೇ ಅಂತ ಗೊತ್ತಾದ ಮೇಲೂ ಸೂರ್ಯ (ಕರ್ಣನಂಥ ಪಾತ್ರ) ತನ್ನ ಗೆಳೆಯ ದೇವನನ್ನು (ದುರ್ಯೋಧನನಂಥವನು) ಬಿಟ್ಟು ಹೋಗುವುದಿಲ್ಲ, ಆ ವಿಷಯ ದೇವನಿಗೆ ತಿಳಿಯುವ ದೃಶ್ಯ ಬಂದಾಗ ನನಗೆ ಈಗಲೂ ಕಣ್ಣು ತುಂಬುತ್ತದೆ.

ಆದರೆ ಈ ಸಲ ಮನಸ್ಸು ಬೇರೆ ಕಡೆ ಹೋಯಿತು. ಸಿನಿಮಾಗಳಲ್ಲಿ ಗೆಳೆತನ ಮುಗಿಯುವುದು ಹೆಚ್ಚಾಗಿ ಎರಡೇ ರೀತಿ. ಒಬ್ಬ ಸಾಯುತ್ತಾನೆ, ಇಲ್ಲವೇ ಒಬ್ಬ ಮೋಸ ಮಾಡುತ್ತಾನೆ. ನನಗೂ ನನ್ನ ಗೆಳತಿಗೂ ಇವೆರಡೂ ಆಗಲಿಲ್ಲ. ಒಂದು ಕಾಲದಲ್ಲಿ ಯಾವ ಪುಸ್ತಕ ಓದಿದರೂ ಮೊದಲು ಅವಳಿಗೇ ಹೇಳಬೇಕು ಅನ್ನಿಸುತ್ತಿತ್ತು. ಈಗ ಹುಟ್ಟುಹಬ್ಬಕ್ಕೆ ಒಂದು ಶುಭಾಶಯ, ಅದಕ್ಕೆ ಒಂದು ಥ್ಯಾಂಕ್ಸ್, ಅಷ್ಟೇ. ಯಾರ ಮೇಲೂ ಕೋಪವಿಲ್ಲ, ಅದಕ್ಕೇ ಸಂಕಟ ಜಾಸ್ತಿ. ಪ್ರಾಣ ಕೊಡುವ ಸ್ನೇಹದ ಬಗ್ಗೆ ಹಳೆಯ ಗ್ರಂಥಗಳಲ್ಲಿ ಬೇಕಾದಷ್ಟಿದೆ. ಸುಮ್ನೆ ಸವೆದುಹೋಗುವ ಸ್ನೇಹದ ಬಗ್ಗೆ ಯಾರಾದರೂ ಬರೆದಿದ್ದಾರಾ?

ಸಂಜೆಓದು:

ಬರೆದಿದ್ದಾರೆ. ಅರಿಸ್ಟಾಟಲ್‌ನ 'ನಿಕೊಮಾಕಿಯನ್ ಎಥಿಕ್ಸ್'ನ 10 ಭಾಗಗಳಲ್ಲಿ 8 ಮತ್ತು 9ನೆಯದು ಪೂರ್ತಿ ಗೆಳೆತನದ ಬಗ್ಗೆಯೇ ಇವೆ. ಉಪಯೋಗಕ್ಕಾಗಿ, ಖುಷಿಗಾಗಿ, ಒಳ್ಳೆಯ ಗುಣಕ್ಕಾಗಿ ಅಂತ ಅವನು ಮಾಡುವ ಮೂರು ವಿಂಗಡಣೆಯನ್ನು ಎಲ್ಲರೂ ಹೇಳುತ್ತಾರೆ, ಅದನ್ನು ಬಿಡಿ. ನಿಮಗೆ ಬೇಕಾದದ್ದು ಅದರ ನಂತರ ಇದೆ. ದೂರ ಇರುವುದರಿಂದ ಸ್ನೇಹ ಒಮ್ಮೆಲೇ ಸಾಯುವುದಿಲ್ಲ, ಅದನ್ನು ತೋರಿಸುವುದಷ್ಟೇ ನಿಲ್ಲುತ್ತದೆ ಅನ್ನುತ್ತಾನೆ. ಆದರೆ ಆ ದೂರ ತುಂಬಾ ದಿನ ಉಳಿದರೆ ಸ್ನೇಹವೇ ಮರೆತುಹೋಗಬಹುದು ಅಂತಲೂ ಹೇಳುತ್ತಾನೆ. ಮಾತಿಲ್ಲದೆ ಎಷ್ಟೋ ಸ್ನೇಹಗಳು ಕಳಚಿಹೋಗಿವೆ ಅನ್ನುವ ಗಾದೆ ಅವನ ಕಾಲಕ್ಕೇ ಹಳೆಯದಾಗಿತ್ತು.

9ನೇ ಭಾಗದಲ್ಲಿ ಇನ್ನೂ ನೇರವಾಗಿ ಕೇಳುತ್ತಾನೆ: ಇಬ್ಬರಲ್ಲಿ ಒಬ್ಬ ಹಾಗೇ ಉಳಿದು ಇನ್ನೊಬ್ಬ ಬೆಳೆದುಬಿಟ್ಟರೆ, ಒಂದೇ ವಿಷಯಕ್ಕೆ ಇಬ್ಬರೂ ಖುಷಿಪಡುವುದು ನಿಂತರೆ, ಆಗ ಏನು ಮಾಡಬೇಕು? ಮೊದಲಿನಂತೆ ಇರಲು ಆಗದು ಅಂತ ಒಪ್ಪಿಕೊಳ್ಳುತ್ತಾನೆ. ಆದರೂ ಅವರನ್ನು ಅಪರಿಚಿತರ ಹಾಗೆ ಕಾಣಬಾರದು, ಕಳೆದ ದಿನಗಳ ನೆನಪಿಗೆ ಒಂದಿಷ್ಟು ವಿಶೇಷ ಆದರ ಉಳಿಸಿಕೊಳ್ಳಬೇಕು ಅನ್ನುತ್ತಾನೆ. ನನಗೆ ಈ ಮಾತು ತುಂಬಾ ಹಿಡಿಸಿತು. ನಿಮ್ಮ ಹುಟ್ಟುಹಬ್ಬದ ಸಂದೇಶವನ್ನು ಅಷ್ಟು ಚಿಕ್ಕದು ಅಂದುಕೊಳ್ಳಬೇಡಿ.

ನಡುದಾರಿ:

ಒಂದು ಎಚ್ಚರಿಕೆಯ ಮಾತು. ಹಳೆಯ ಸ್ನೇಹವನ್ನು ಮತ್ತೆ ಹುಡುಕಿಕೊಂಡು ಹೋಗುವಾಗ ದ್ರೋಣ, ದ್ರುಪದರನ್ನು ನೆನಪಿಡಿ. ಇಬ್ಬರೂ ಬಾಲ್ಯದಲ್ಲಿ ಒಟ್ಟಿಗೆ ಕಲಿತವರು. ಬಡತನದಲ್ಲಿದ್ದ ದ್ರೋಣ ಆ ಸಲುಗೆಯಿಂದಲೇ ಅರಸನಾಗಿದ್ದ ದ್ರುಪದನ ಬಳಿ ಹೋದ. ಸಮಾನರಲ್ಲಿ ಮಾತ್ರ ಸ್ನೇಹ ಅಂತ ದ್ರುಪದ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟ. ಆಮೇಲಿನದು ಗೊತ್ತಲ್ಲ, ದ್ರೋಣ ತನ್ನ ಶಿಷ್ಯರಿಂದ ಅವನನ್ನು ಸೆರೆ ಹಿಡಿಸಿ ಅರ್ಧ ರಾಜ್ಯ ಕಿತ್ತುಕೊಂಡದ್ದು, ದ್ರೋಣನನ್ನು ಕೊಲ್ಲುವ ಮಗ ಬೇಕು ಅಂತ ದ್ರುಪದ ಯಜ್ಞ ಮಾಡಿದ್ದು, ಆ ಧೃಷ್ಟದ್ಯುಮ್ನನ ಕೈಯಲ್ಲೇ ದ್ರೋಣ ಸತ್ತದ್ದು. ದ್ರುಪದ ಆಡಿದ್ದು ತಪ್ಪು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದ್ರೋಣನೂ ಹಳೆಯ ಗೆಳೆಯ ಹಾಗೇ ಇರುತ್ತಾನೆ ಅಂತ ನಂಬಿಕೊಂಡೇ ಹೋಗಿದ್ದ. ನೀವು ಫೋನ್ ಮಾಡುವುದಾದರೆ ಆ ನಿರೀಕ್ಷೆ ಇಟ್ಟುಕೊಂಡು ಮಾಡಬೇಡಿ.

ಮುತ್ತಿನಸರ:

ನಡುದಾರಿ ಅವರ ಮಾತು ಸ್ವಲ್ಪ ಕಠಿಣ ಆಯಿತು. ಗೆಳತಿಯ ಹತ್ತಿರ ಏನೂ ನಿರೀಕ್ಷೆ ಇಲ್ಲದೆ ಹೋಗಲು ಆಗುತ್ತಾ?

ದಳಪತಿ ವಿಷಯ ಬಂದದ್ದಕ್ಕೆ ಪಂಪನ ಕರ್ಣನ ಬಗ್ಗೆ ಹೇಳಲೇಬೇಕು. 941ರ 'ವಿಕ್ರಮಾರ್ಜುನ ವಿಜಯ', ಅಂದರೆ ಪಂಪಭಾರತ. ಪಾಂಡವರ ಕಡೆಗೆ ಬಾ ಅಂತ ಕರೆ ಬಂದಾಗ ಕರ್ಣ ಕೊಡುವ ಕಾರಣ ನೋಡಿ. ಅಲ್ಲಿ ಅವನು ನೆನೆಯುವುದು ಒಂದು ಪಗಡೆ ಆಟವನ್ನು. ದುರ್ಯೋಧನನ ಹೆಂಡತಿ ಭಾನುಮತಿ ಸೋತಳು, ಪಣ ಕೊಡು ಅಂತ ಕಾಡುವಾಗ ಅವಳ ಮುತ್ತಿನ ಸರ ಹರಿಯಿತು, ದುರ್ಯೋಧನ ಬೇಸರವೇ ಇಲ್ಲದೆ ಮುತ್ತುಗಳನ್ನು ಆಯ್ದುಕೊಡಲೇ ಅಂದ. ಅಂಥವನನ್ನು ಬಿಟ್ಟು ಬಂದರೆ ನಾನು ನೀಚನಾಗುವುದಿಲ್ಲವೇ ಅನ್ನುತ್ತಾನೆ ಕರ್ಣ. (ಅಲ್ಲಿ ಆಡಿದವರು ಯಾರು ಯಾರು ಅಂತ ವಿದ್ವಾಂಸರಲ್ಲಿ ಭಿನ್ನ ಅಭಿಪ್ರಾಯ ಇದೆ.) ಬಿಡುವಿನ ಹೊತ್ತಿನ ಒಂದು ಘಳಿಗೆ ಅದು, ಯುದ್ಧದ ನಡುವಿನದಲ್ಲ. ಪುಟತಿರುವು ಅವರೇ, ನೀವು ಕಳೆದುಕೊಂಡದ್ದೂ ಇಂಥದ್ದನ್ನೇ ಅಲ್ವಾ? ಪ್ರಾಣ ಕೊಡುವ ಪ್ರಸಂಗ ನಮ್ಮಲ್ಲಿ ಎಷ್ಟು ಜನರಿಗೆ ಬರುತ್ತದೆ, ಸುಮ್ನೆ ಕೂತು ಆಡಿದ ಮಾತುಗಳೇ ನಮ್ಮ ಪಾಲಿನ ಗೆಳೆತನ.

ಸಂಜೆಓದು:

ಇದನ್ನು ಓದಿ ತಮಿಳಿನ ಹಳೆಯ ನೀತಿಗ್ರಂಥ ತಿರುಕ್ಕುರಳ್‌ನ 783ನೇ ಕುರಳ್ (ಎರಡು ಸಾಲಿನ ಪದ್ಯ) ನೆನಪಾಯಿತು. ಒಳ್ಳೆಯ ಪುಸ್ತಕ ಓದಿದಷ್ಟೂ ಹೊಸ ಸವಿ ಕೊಡುವಂತೆ ಗುಣವಂತರ ಸ್ನೇಹವೂ ಬಳಸಿದಷ್ಟೂ ಸವಿ ಅನ್ನುತ್ತದೆ ಅದು. ಬಳಸಿದಷ್ಟೂ ಅನ್ನುವುದನ್ನು ಗಮನಿಸಿ. ಓದದೆ ಇಟ್ಟ ಪುಸ್ತಕ ಕೆಟ್ಟುಹೋಗಿರುವುದಿಲ್ಲ, ಮತ್ತೆ ತೆರೆಯಬಹುದು. ಅಲ್ಲಿ 79ರಿಂದ 83ರವರೆಗೆ ಐದು ಅಧಿಕಾರಗಳು (ಅಧ್ಯಾಯಗಳು) ಸ್ನೇಹದ ಬಗ್ಗೆಯೇ ಇವೆ, ಹಳೆಯ ಸಲುಗೆಗೆ ಅಂತಲೇ 81ನೆಯದು ಇದೆ.

ಪುಟತಿರುವು:

ಎಲ್ಲರಿಗೂ ತುಂಬಾ ಧನ್ಯವಾದ. ನಡುದಾರಿ ಅವರೇ, ನಿಮ್ಮ ಮಾತೂ ಮನಸ್ಸಿಗೆ ನಾಟಿತು. ಆದರೂ ನಿರೀಕ್ಷೆ ಇಟ್ಟುಕೊಂಡೇ ಅವಳಿಗೆ ಬರೆಯುತ್ತೇನೆ, ಬೇಡ ಅನ್ನುವ ಹಕ್ಕು ಅವಳಿಗೂ ಇದೆ. ಹೇಗಿದ್ದೀಯಾ ಅಂತ ಕೇಳುವುದಕ್ಕಿಂತ ಆ ಪಗಡೆ ಆಟದ ಪದ್ಯವನ್ನೇ ಕಳಿಸೋಣ ಅಂತಿದ್ದೇನೆ. ಹಳಗನ್ನಡ ನನಗೆ ಅಷ್ಟು ಬಾರದು, ಯಾವ ಪುಸ್ತಕ ನೋಡಲಿ?

ಮುತ್ತಿನಸರ:

ಎಲ್. ಬಸವರಾಜು ಅವರ 'ಸರಳ ಪಂಪಭಾರತ' ನೋಡಿ, ಸಂಧಿಯ ಮಾತುಕತೆ ಬರುವ ಭಾಗದಲ್ಲಿ ಸಿಗುತ್ತದೆ. ಅರ್ಥ ಬರೆಯದೆ ಪದ್ಯ ಮಾತ್ರ ಕಳಿಸಿ, ಅರ್ಥ ಅವಳೇ ಕೇಳಲಿ.