ಭಾವನ ಕೈನಡುಕ, ಕ್ಯಾಂಪ್ ಲೆಜೂನ್ ನೀರು: ಈಗ ಕ್ಲೇಮ್ ಹಾಕಬಹುದಾ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ನಮ್ಮ ಭಾವ ಅಮೆರಿಕದವರು, ಮರೀನ್ ಪಡೆಯಲ್ಲಿದ್ದರು. 1985ರಲ್ಲಿ ನಾರ್ತ್ ಕ್ಯಾರೊಲಿನಾದ ಕ್ಯಾಂಪ್ ಲೆಜೂನ್ ಸೇನಾ ನೆಲೆಯಲ್ಲಿ ಎಂಟು ತಿಂಗಳು. ಅಲ್ಲಿನ ಕುಡಿಯುವ ನೀರು ಕಲುಷಿತವಾಗಿತ್ತಂತೆ. ಈಗ ಪಾರ್ಕಿನ್ಸನ್ ಕಾಯಿಲೆ. ಈ ಸಲ ಊರಿಗೆ ಬಂದಾಗ ಕಷಾಯದ ಲೋಟ ಜಗಲಿಕಟ್ಟೆಗೆ ಟಕಟಕ ಬಡಿಯುತ್ತಿತ್ತು. ನಮ್ಮ ಬಾವಿ ನೀರನ್ನೂ ಮೂಸಿಯೇ ಕುಡಿಯುತ್ತಾರೆ, ಪಾಪ. ವಕೀಲರೊಬ್ಬರು ‘ತಡವಾಯ್ತು’ ಅಂದರಂತೆ. ದಾರಿ ಮುಚ್ಚಿತಾ?

ಉತ್ತರ 1:
ಎರಡು ದಾರಿ ಇವೆ, ಬೆರೆಸಬೇಡಿ. ಕೋರ್ಟ್ ಪರಿಹಾರಕ್ಕೆ 2022ರಲ್ಲಿ ಕಾನೂನು ಬಂತು. ಅದರ ಗಡುವು 2024ರ ಆಗಸ್ಟ್ 10ಕ್ಕೇ ಮುಗಿಯಿತು. ವಕೀಲರು ಹೇಳಿದ್ದು ಅದು. ಆದರೆ ಮಾಜಿ ಸೈನಿಕರ ಇಲಾಖೆಯ ಅಂಗವೈಕಲ್ಯ ಭತ್ಯೆಗೆ ಈಗಲೂ ಅರ್ಜಿ ಹಾಕಬಹುದು. 1953ರ ಆಗಸ್ಟ್‌ನಿಂದ 1987ರ ಡಿಸೆಂಬರ್ ಒಳಗೆ ಒಟ್ಟು 30 ದಿನ ಅಲ್ಲಿದ್ದರೆ ಸಾಕು. ಆ ಇಲಾಖೆಯ ಕಾಯಿಲೆಗಳ ಪಟ್ಟಿಯಲ್ಲೇ ಪಾರ್ಕಿನ್ಸನ್ ಇದೆ. ನೀರಿನಿಂದಲೇ ಬಂತು ಅಂತ ಸಾಬೀತು ಮಾಡಬೇಕಿಲ್ಲ.

ಉತ್ತರ 2 (ಸಾಗರ):
ಡ್ರೈ ಕ್ಲೀನಿಂಗ್ ಅಂಗಡಿಯ ದ್ರಾವಣ ಅಲ್ಲಿನ ಬಾವಿಗಳಿಗೆ ಇಳಿದಿತ್ತು. ನೋಡೋಕೆ ತಿಳಿನೀರೇ ಅಲ್ವಾ! ಸೇವೆಯಿಂದ ಬಿಡುಗಡೆಯಾದ ಡಿಡಿ-214 ಕಾಗದ, ಡಾಕ್ಟರ ರಿಪೋರ್ಟ್ ಹುಡುಕಿಡಿ.

ಪ್ರಶ್ನೆ ಕೇಳಿದವರು:
ಕಾಗದ ಅಕ್ಕನ ಟ್ರಂಕಿನಲ್ಲಿದೆಯಂತೆ. ಇವತ್ತೇ ಫೋನ್ ಮಾಡಿದೆ.