ಮುಗುಡು ಮೀನು ಗದ್ದೆ ಹತ್ತಿದ ಹಾಗೆಯೇ ಕಪ್ಪೆ ನೆಲ ಹತ್ತಿದ್ದಾ? – ಝೂವಾಲಜಿ ಮೇಡಂ ಹತ್ರ ಕೇಳಿ

ಅಡ್ಮಿನ್: ಈ ವಾರ ಉತ್ತರ ಕೊಡುವವರು ಉಡುಪಿಯಲ್ಲಿ ಝೂವಾಲಜಿ ಪಾಠ ಮಾಡುವ ನಮ್ಮ ಮೇಡಂ. ಕಪ್ಪೆ, ಮೀನು, ಹಲ್ಲಿ ಎಂತ ಬೇಕಾದ್ರೂ ಕೇಳಿ. ಗುಡ್ ಮಾರ್ನಿಂಗ್ ಹೂವಿನ ಫೋಟೊ ಹಾಕ್ಬೇಡಿ ಪ್ಲೀಸ್.

ಪ್ರಶ್ನೆ (ಬ್ರಹ್ಮಾವರ): ಮೇಡಂ, ಮೊನ್ನೆ ಮೊದಲ ಜೋರು ಮಳೆಗೆ ನಮ್ಮಲ್ಲಿ ಉಬರ್ ಮೀನು (ಹೊಸ ಮಳೆನೀರಿಗೆ ಗದ್ದೆಗೆ ಹತ್ತಿ ಬರುವ ಮೀನು) ಹತ್ತಿತ್ತು, ಮಗ ಟಾರ್ಚ್ ಹಿಡ್ಕೊಂಡು ನನ್ನ ಜೊತೆ ಬಂದಿದ್ದ, ಒಂದು ಮುಗುಡು ತೋಡಿಂದ ಹೊರಗೆ ಬಂದು ಗದ್ದೆ ಅಂಚಿನ ಮೇಲೆ ಹುಲ್ಲಲ್ಲಿ ಹೊರಳಿಕೊಂಡು ಆಚೆ ಗದ್ದೆಗೆ ಹೋಗುದನ್ನ ಅವನೇ ಕಣ್ಣಾರೆ ನೋಡಿದ. ಈಗ ಅವನ ವಾದ ಎಂತ ಅಂದ್ರೆ ಮುಗುಡು ಹೀಗೆಯೇ ಹೋಗಿ ಹೋಗಿ ಕಾಲು ಬಂದು ಕಪ್ಪೆ ಆದದ್ದು ಅಂತ. ಹೌದಾ? ಅವನ ಪುಸ್ತಕದಲ್ಲಿ ‘ಉಭಯವಾಸಿಗಳು ಮೀನುಗಳಿಂದ ವಿಕಾಸವಾದವು’ ಅಂತ ಒಂದೇ ಲೈನ್ ಉಂಟು.

ಮೇಡಂ: ಮಗನಿಗೆ ಅರ್ಧ ಮಾರ್ಕು ಕೊಡ್ತೇನೆ ಆಯ್ತಾ, ನೋಡಿದ್ದು ಪೂರ್ತಿ ಸರಿ, ತೀರ್ಮಾನ ಮಾತ್ರ ತಪ್ಪು. ಮುಗುಡಿಗೆ ಕಿವಿರಿನ ಮೇಲೆ ಮರದ ಕೊಂಬೆ ಹಾಗೆ ಕವಲೊಡೆದ ಒಂದು ಅಂಗ ಉಂಟು, ಅದರಲ್ಲಿ ಗಾಳಿ ಉಸಿರಾಡ್ತದೆ, ಎದುರಿನ ರೆಕ್ಕೆಯ ಮುಳ್ಳು ಊರಿಕೊಂಡು ಮೈ ತಿರುಚಿ ಮುಂದೆ ಹೋಗ್ತದೆ. ಆದ್ರೆ ಇದು ಮುಗುಡಿನ ಜಾತಿ ತನಗೆ ತಾನೇ ಬೇರೆ ಕಂಡುಕೊಂಡ ಉಪಾಯ. ಅಳಿವೆ ಬದಿ ಕೆಸರಲ್ಲಿ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಕೂಡ ಹಾಗೆಯೇ, ಬೇರೆ ಕುಟುಂಬ, ಬೇರೆ ಉಪಾಯ. ನೆಲಕ್ಕೆ ಬರ್ಲಿಕ್ಕೆ ನೋಡಿದ ಮೀನುಗಳು ಸುಮಾರು ಉಂಟು ಮಾರಾಯ್ರೆ, ಕಪ್ಪೆಗೂ ನಮಗೂ ಸಂಬಂಧ ಇರುದು ಒಂದು ಗುಂಪಿಗೆ ಮಾತ್ರ.

ಆ ಗುಂಪಿನ ಮೀನುಗಳ ರೆಕ್ಕೆಯ ಬುಡದಲ್ಲಿ ಮಾಂಸ ಇತ್ತು, ಒಳಗೆ ಗಟ್ಟಿ ಮೂಳೆ ಇತ್ತು: ಮೊದಲು ಒಂದು, ಮತ್ತೆ ಎರಡು, ಮತ್ತೆ ಚಿಕ್ಕ ಚಿಕ್ಕದು. ನಿಮ್ಮ ಕೈ ಮುಟ್ಟಿ ನೋಡಿ, ಭುಜದಿಂದ ಮೊಣಕೈವರೆಗೆ ಒಂದು, ಅಲ್ಲಿಂದ ಎರಡು, ಮಣಿಕಟ್ಟಲ್ಲಿ ಚಿಕ್ಕ ಚಿಕ್ಕದು. ಅದೇ ಲೆಕ್ಕ. 2004ರಲ್ಲಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಟಿಕ್ಟಾಲಿಕ್ ಅಂತ ಒಂದು ಪಳೆಯುಳಿಕೆ ಸಿಕ್ಕಿತು, ಸುಮಾರು 37.5 ಕೋಟಿ ವರ್ಷ ಹಳೇದು. ಮೈಮೇಲೆ ಮೀನಿನ ಹಾಗೆ ಹುರುಪೆ, ಕಿವಿರು, ರೆಕ್ಕೆ ಎಲ್ಲ ಉಂಟು, ಆದ್ರೆ ತಲೆ ಮೊಸಳೆ ಹಾಗೆ ಚಪ್ಪಟೆ, ರೆಕ್ಕೆಯೊಳಗೆ ಮಣಿಕಟ್ಟಿನ ಹಾಗಿನ ಮೂಳೆ, ಮತ್ತೆ ಕುತ್ತಿಗೆ ಉಂಟು! ಕುತ್ತಿಗೆ ಎಂತ ದೊಡ್ಡ ವಿಷಯ ಅಂತ ಕೇಳಬಹುದು. ನಾಳೆ ಬಂಗುಡೆ ತಂದಾಗ ನೋಡಿ, ತಲೆಯ ಹಿಂದೆಯೇ ಭುಜದ ಮೂಳೆ ಅಂಟಿಕೊಂಡಿರ್ತದೆ, ತಲೆ ಮಾತ್ರ ತಿರುಗಿಸ್ಲಿಕ್ಕೆ ಬರುದಿಲ್ಲ, ಇಡೀ ಮೈಯೇ ತಿರುಗಬೇಕು. ನೀರಲ್ಲಿ ಅದಕ್ಕೆ ತೊಂದರೆ ಇಲ್ಲ, ಬಾಲ ಒಂದು ಬೀಸು ಬೀಸಿದ್ರೆ ಆಯ್ತು. ನೆಲದಲ್ಲಿ ನಾಲ್ಕು ಕಾಲು ಊರಿ ನಿಂತವನಿಗೆ ಬದಿಯಲ್ಲಿ ಹೋಗುವ ಹುಳ ಹಿಡಿಬೇಕಾದ್ರೆ ಕುತ್ತಿಗೆ ಬೇಕೇ ಬೇಕು.

ಪ್ರಶ್ನೆ (ಬ್ರಹ್ಮಾವರ): ಓಹೋ, ಹಾಗಾದ್ರೆ ಟಿಕ್ಟಾಲಿಕ್ ನಮ್ಮ ಅಜ್ಜನ ಅಜ್ಜ. ಮಗನಿಗೆ ಹಾಗೆ ಹೇಳ್ಲಾ?

ಮೇಡಂ: ಅಜ್ಜ ಅಂತ ಹೇಳ್ಬೇಡಿ, ದೊಡ್ಡಜ್ಜನ ಮನೆ ಕಡೆಯವರು ಅಂತ ಹೇಳಿ. ಪೋಲೆಂಡಿನಲ್ಲಿ ಅದಕ್ಕಿಂತಲೂ ಹಳೆಯ, ಸುಮಾರು 39 ಕೋಟಿ ವರ್ಷದ ಕಾಲಿನ ಗುರುತುಗಳು ಕಲ್ಲಲ್ಲಿ ಸಿಕ್ಕಿವೆ ಅಂತ 2010ರಲ್ಲಿ ಪ್ರಕಟ ಆಯ್ತು, ಹಾಗಾಗಿ ಟಿಕ್ಟಾಲಿಕ್ ಬದುಕಿದ್ದಾಗ ಕಾಲಿದ್ದವರು ಮೊದಲೇ ಎಲ್ಲೋ ಇದ್ದಿರಬಹುದು.

ನನಗೆ ಕ್ಲಾಸಲ್ಲಿ ಹೇಳ್ಲಿಕ್ಕೆ ಎಲ್ಲಕ್ಕಿಂತ ಖುಷಿ ಆಗುದು ಅಕಾಂತೊಸ್ಟೆಗ ಅನ್ನುವ ನಾಲ್ಕು ಕಾಲಿನ ಹಳೇ ಪ್ರಾಣಿಯ ಕಥೆ. ಗ್ರೀನ್‌ಲ್ಯಾಂಡಲ್ಲಿ 1987ರಲ್ಲಿ ಜೆನ್ನಿ ಕ್ಲಾಕ್ ಅಂತ ಇಂಗ್ಲೆಂಡಿನ ವಿಜ್ಞಾನಿ ಹೋಗಿ ಒಳ್ಳೊಳ್ಳೆ ಪಳೆಯುಳಿಕೆ ತಂದ್ರು, ಸುಮಾರು 36.5 ಕೋಟಿ ವರ್ಷದ್ದು. ಕೈಯಲ್ಲಿ ಬೆರಳು ಎಷ್ಟು ಗೊತ್ತುಂಟಾ, ಎಂಟು! ಅಷ್ಟಿದ್ದೂ ಆ ಕೈ ಮೈಭಾರ ಹೊರುವ ಹಾಗೆ ಇರ್ಲಿಲ್ಲ, ದೋಣಿಯ ಹುಟ್ಟಿನ ಹಾಗೆ ನೀರು ದೂಡ್ಲಿಕ್ಕೆ ಇತ್ತು, ಒಳಗೆ ಕಿವಿರೂ ಇತ್ತು. ಅಂದ್ರೆ ಕಾಲು ಬಂದದ್ದು ನೀರಲ್ಲೇ, ಗಿಡ ಬಳ್ಳಿ ತುಂಬಿದ ಆಳ ಇಲ್ಲದ ನೀರಲ್ಲಿ ದೂಡಿಕೊಂಡು ಹೋಗ್ಲಿಕ್ಕೆ, ನೆಲದಲ್ಲಿ ನಡಿಲಿಕ್ಕೆ ಅಂತ ಅಲ್ಲ. ಶ್ವಾಸಕೋಶವೂ ಹಾಗೆಯೇ, ಕಾಲಿಗಿಂತ ಎಷ್ಟೋ ಮೊದಲು ಮೀನಿಗೇ ಇತ್ತು, ಆಕ್ಸಿಜನ್ ಕಡಿಮೆ ಇದ್ದ ನೀರಲ್ಲಿ ಮೇಲೆ ಬಂದು ಗಾಳಿ ಗುಟುಕರಿಸ್ಲಿಕ್ಕೆ. ರೋಹು, ಕಾಟ್ಲಾ ಕೊಯ್ಯುವಾಗ ಹೊಟ್ಟೆಯೊಳಗೆ ಬಿಳಿ ಬಲೂನ್ ಹಾಗೆ ಒಂದು ಸಿಗ್ತದಲ್ಲ, ಮಕ್ಕಳು ಕಾಲಲ್ಲಿ ತುಳಿದು ಪಟ್ ಅಂತ ಒಡಿತಾರೆ, ಆ ಗಾಳಿಚೀಲವೂ ನಮ್ಮ ಶ್ವಾಸಕೋಶವೂ ಮೂಲದಲ್ಲಿ ಒಂದೇ.

ಪ್ರಶ್ನೆ (ಮಲ್ಪೆ): ಮೇಡಂ ನಾನು ಬೋಟಿಗೆ ಹೋಗುವವ. ಒಂದು ಡೌಟ್ ಮೊದಲಿಂದ್ಲೂ ಉಂಟು. ಗಾಳಿಯಲ್ಲಿ ಆಕ್ಸಿಜನ್ ನೀರಿಗಿಂತ ಜಾಸ್ತಿ ಅಂತಾರೆ, ಮತ್ತೆ ಬಲೆ ಎತ್ತಿದ ಕೂಡ್ಲೇ ಬೂತಾಯಿ ಬಂಗುಡೆ ಎಲ್ಲ ಯಾಕೆ ಸಾಯುದು?

ಮೇಡಂ: ಒಳ್ಳೆ ಪ್ರಶ್ನೆ ಅಣ್ಣ, ಇದನ್ನ ನಾನು ಇನ್ನು ಪರೀಕ್ಷೆಗೆ ಕೊಡ್ತೇನೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಕ್ಸಿಜನ್ ಇರ್ತದೆ, ಒಂದು ಲೀಟರ್ ನೀರಲ್ಲಿ 10 ಮಿಲಿಲೀಟರ್ ಕೂಡ ಇರುದು ಕಷ್ಟ. ಆದ್ರೆ ಕಿವಿರು ಅಂದ್ರೆ ತೆಳು ತೆಳು ಎಸಳಿನ ರಾಶಿ, ನೀರು ಅದನ್ನ ಬಿಡಿಸಿ ಹಿಡ್ಕೊಂಡಿರ್ತದೆ. ನೀರಲ್ಲಿ ಮುಳುಗಿದಾಗ ಹರಡಿಕೊಂಡಿದ್ದ ತಲೆಕೂದಲು ಮೇಲೆ ಬಂದ ಕೂಡ್ಲೇ ಒಟ್ಟಿಗೆ ಅಂಟಿಕೊಳ್ತದಲ್ಲ, ಅದೇ ಕಥೆ. ಎಸಳೆಲ್ಲ ಒಂದಕ್ಕೊಂದು ಅಂಟಿದ ಮೇಲೆ ಸುತ್ತ ಎಷ್ಟು ಗಾಳಿ ಇದ್ರೆ ಎಂತ ಪ್ರಯೋಜನ. ಅದಕ್ಕೇ ನೆಲದ ಪ್ರಾಣಿಗೆ ಉಸಿರಾಡುವ ಜಾಗ ಒಳಗೆ ಹೋಯ್ತು, ಎದೆಯೊಳಗೆ, ಒದ್ದೆಯಾಗಿಯೇ ಇರುವ ಚೀಲದಲ್ಲಿ.

ಇನ್ನೊಂದು, ಭಾರ. ನೀರು ಮೈಯನ್ನ ಎತ್ತಿ ಹಿಡಿತದೆ, ನೆಲ ಹಿಡಿಯುದಿಲ್ಲ. ತಿಮಿಂಗಿಲಕ್ಕೆ ನಮ್ಮ ಹಾಗೆಯೇ ಶ್ವಾಸಕೋಶ ಉಂಟು, ಆದ್ರೂ ದಡಕ್ಕೆ ಬಿದ್ರೆ ತನ್ನ ಭಾರಕ್ಕೆ ತಾನೇ ಜಜ್ಜಿ ಹೋಗ್ತದೆ. ಹಾಗಾಗಿ ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡವು, ಸೊಂಟದ ಮೂಳೆ ಬೆನ್ನಿಗೆ ಗಟ್ಟಿಯಾಗಿ ಸೇರಿತು.

ಪ್ರಶ್ನೆ (ಸುರತ್ಕಲ್): ನಮ್ಮ ಬಚ್ಚಲಲ್ಲಿ ಒಂದು ಕಪ್ಪೆ ವರ್ಷಗಟ್ಟಲೆ ಉಂಟು, ಎಷ್ಟು ಸಲ ಹೊರಗೆ ಹಾಕಿದ್ರೂ ವಾಪಸ್ ಬರ್ತದೆ. ಹಾಲ್‌ಗೆ ಬರುದೇ ಇಲ್ಲ. ಹಲ್ಲಿ ಆದ್ರೆ ಮನೆ ಇಡೀ ತಿರುಗ್ತದೆ. ಮತ್ತೆ ಅದರ ಗಂಟಲು ಯಾವಾಗ್ಲೂ ಬಡ್ಕೊಳ್ತಾ ಇರ್ತದೆ, ಹೆದರಿಕೆಗಾ?

ಮೇಡಂ: ಹೆದರಿಕೆ ನಿಮಗೆ ಅಕ್ಕ, ಅದಕ್ಕಲ್ಲ. ಕಪ್ಪೆಗೆ ನಮ್ಮ ಹಾಗೆ ಎದೆ ಹಿಗ್ಗಿಸಿ ಗಾಳಿ ಎಳ್ಕೊಳ್ಲಿಕ್ಕೆ ಬರುದಿಲ್ಲ. ಬಾಯಿಗೆ ಗಾಳಿ ತುಂಬಿ, ಗಂಟಲು ಒತ್ತಿ ಒಳಗೆ ನುಂಗ್ತದೆ, ಸೈಕಲ್ ಪಂಪಿನ ಹಾಗೆ. ಅದು ಸಾಲದೆ ಚರ್ಮದಲ್ಲೂ ಉಸಿರಾಡ್ತದೆ, ನೀರು ಕುಡಿಯುದು ಕೂಡ ಬಾಯಲ್ಲಿ ಅಲ್ಲ, ಹೊಟ್ಟೆಯ ಅಡಿಯ ಚರ್ಮದಲ್ಲಿ, ಒದ್ದೆ ನೆಲದಲ್ಲಿ ಕೂತ್ರೆ ಸಾಕು. ನೀರು ಒಳಗೆ ಬಿಡುವ ಚರ್ಮ ಹೊರಗೂ ಬಿಡ್ತದೆ. ನಿಮ್ಮ ಹಾಲ್‌ನಲ್ಲಿ ಫ್ಯಾನ್ ತಿರುಗ್ತಾ ಇರ್ತದೆ, ಒಂದು ರಾತ್ರಿ ಅಲ್ಲಿ ಸಿಕ್ಕಿಬಿದ್ರೆ ಬೆಳಿಗ್ಗೆ ಸೋಫಾದ ಅಡಿಯಲ್ಲಿ ಒಣಗಿದ ಕಪ್ಪೆ ಸಿಗ್ತದೆ.

ಹಲ್ಲಿಗೆ ಚರ್ಮದ ಮೇಲೆ ನಮ್ಮ ಉಗುರಿನ ಜಾತಿಯ ವಸ್ತುವಿನ ಹುರುಪೆ, ನೀರು ಸುಲಭಕ್ಕೆ ಹೋಗುದಿಲ್ಲ. ಇನ್ನು ಹಲ್ಲಿಯ ಹಿಕ್ಕೆ ನೀವು ದಿನಾ ಗುಡಿಸ್ತೀರಲ್ಲ, ಕಪ್ಪು ಕಡ್ಡಿಯ ತುದಿಯಲ್ಲಿ ಒಂದು ಬಿಳಿ ಚುಕ್ಕೆ ಇರ್ತದೆ ನೋಡಿ. ಆ ಬಿಳಿಯೇ ಅದರ ಮೂತ್ರ! ಮೀನೂ ಗೊದಮೊಟ್ಟೆಯೂ ದೇಹದ ಕಲ್ಮಶವನ್ನ ಅಮೋನಿಯಾ ಮಾಡಿ ನೀರಿಗೆ ಬಿಡ್ತವೆ, ಅದು ವಿಷ, ಆದ್ರೆ ಸುತ್ತ ನೀರೇ ಇರುವಾಗ ತೊಳೆದು ಹೋಗ್ತದೆ. ಅದೇ ಗೊದಮೊಟ್ಟೆ ಕಪ್ಪೆಯಾದ ಮೇಲೆ ಯೂರಿಯಾ ಮಾಡ್ತದೆ, ನಮ್ಮದೂ ಅದೇ. ಹಲ್ಲಿ, ಹಕ್ಕಿ ಎಲ್ಲ ಯೂರಿಕ್ ಆಸಿಡ್ ಮಾಡಿ ಹೆಚ್ಚುಕಮ್ಮಿ ಗಟ್ಟಿಯಾಗಿಯೇ ಹೊರಗೆ ಹಾಕ್ತವೆ, ನೀರಿನ ಖರ್ಚು ತೀರಾ ಕಡಿಮೆ. ಇದೆಲ್ಲ ಯಾರೂ ಕೇಳುದಿಲ್ಲ, ಎಲ್ಲರಿಗೂ ಕಾಲಿನ ಕಥೆಯೇ ಬೇಕು, ಆದ್ರೆ ನನ್ನ ಲೆಕ್ಕದಲ್ಲಿ ನೆಲದ ಬದುಕಿನ ಅರ್ಧ ಪಾಠ ಆ ಹಿಕ್ಕೆಯಲ್ಲೇ ಉಂಟು.

ಕಮೆಂಟ್ (ಮಂಗಳೂರು): ಊಟದ ಹೊತ್ತಿಗೆ ಓದಿದೆ, ಥ್ಯಾಂಕ್ಸ್ ಮೇಡಂ 😂 ಇರ್ಲಿ, ಕಪ್ಪೆ ಸಮುದ್ರದಲ್ಲಿ ಯಾಕಿಲ್ಲ? ನೀರು ಬೇಕಾದಷ್ಟು ಉಂಟಲ್ಲ.

ಮೇಡಂ: ಉಪ್ಪಿನಕಾಯಿಗೆ ಮಾವಿನಮಿಡಿ ಉಪ್ಪಲ್ಲಿ ಹಾಕಿದ್ರೆ ಎಂತ ಆಗ್ತದೆ? ನೀರು ಬಿಟ್ಟು ಸುಕ್ಕಾಗ್ತದೆ. ಕಪ್ಪೆಯ ಚರ್ಮಕ್ಕೂ ಅದೇ ಗತಿ. ಆಗ್ನೇಯ ಏಷ್ಯಾದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಲ್ಲಿ ಏಡಿ ತಿನ್ನುವ ಒಂದು ಕಪ್ಪೆ ಉಂಟು, ಅದು ಯೂರಿಯಾವನ್ನ ರಕ್ತದಲ್ಲೇ ಇಟ್ಕೊಂಡು ಉಪ್ಪುನೀರು ತಡ್ಕೊಳ್ತದೆ, ಅಂಥವು ಬಹಳ ಅಪರೂಪ. ನಿಮ್ಮ ಊರಿನ ಹೆಸರಿನದ್ದೇ ಕಪ್ಪೆ ಒಂದುಂಟು ಗೊತ್ತಾ, ಮೈಕ್ರೊಹೈಲ ಕೊಡಿಯಾಲ್ (ಕೊಡಿಯಾಲ್ ಅಂದ್ರೆ ಕೊಂಕಣಿಯಲ್ಲಿ ಮಂಗಳೂರು), 2018ರಲ್ಲಿ ಮಂಗಳೂರಿನಿಂದಲೇ ಹೊಸ ಪ್ರಭೇದ ಅಂತ ವಿವರಿಸಿದ್ದು. ಅದರ ಹತ್ತಿರದ ನೆಂಟರೆಲ್ಲ ಇರುದು ಆಗ್ನೇಯ ಏಷ್ಯಾದಲ್ಲಿ. ಸಮುದ್ರ ಈಜಿ ಬರ್ಲಿಕ್ಕೆ ಆಗುದಿಲ್ಲ, ಹಾಗಾಗಿ ಬಂದರಿಗೆ ಬರುವ ಮರದ ದಿಮ್ಮಿಗಳ ಜೊತೆ ಬಂದಿರಬಹುದಾ ಅಂತ ಸಂಶೋಧಕರ ಊಹೆ.

ಪ್ರಶ್ನೆ (ಕಾರ್ಕಳ): ಫೋಟೊ ನೋಡಿ ಮೇಡಂ. ತೋಟದ ಕೆರೆ ಮೇಲೆ ಬಾಗಿದ ಕೊಂಬೆಯಲ್ಲಿ ಸೋಪಿನ ನೊರೆ ಹಾಗೆ ಉಂಟು, ಎಲೆಗಳನ್ನ ಸೇರಿಸಿ ಅಂಟಿಸಿದ ಹಾಗೆ. ಕೆಲಸದವರು ಯಾವುದೋ ಹುಳದ ಗೂಡು, ತೆಗೀರಿ ಅಂತಾರೆ.

ಮೇಡಂ: ತೆಗಿಬೇಡಿ ತೆಗಿಬೇಡಿ! ಅದು ಮಲಬಾರ್ ಹಾರುವ ಕಪ್ಪೆಯ ಮೊಟ್ಟೆ, ಎಲೆ ಮಡಚಿದ್ದು ನೋಡಿದ್ರೆ ನನಗೆ ಡೌಟೇ ಇಲ್ಲ. ನೊರೆ ಹೊರಗೆ ಒಣಗಿದ್ರೂ ಒಳಗೆ ಒದ್ದೆ ಇರ್ತದೆ, ಮರಿ ಬೆಳೆದ ಮೇಲೆ ಗೊದಮೊಟ್ಟೆಗಳು ಟಪಟಪ ಕೆಳಗೆ ಕೆರೆಗೆ ಬೀಳ್ತವೆ. ನಮ್ಮ ಘಟ್ಟದ ಕಪ್ಪೆಗಳು ಈ ಮೊಟ್ಟೆ ವಿಷಯದಲ್ಲಿ ಮಾಡಿದಷ್ಟು ಸರ್ಕಸ್ ಯಾರೂ ಮಾಡ್ಲಿಲ್ಲ. ಕುಂಬಾರ ಕಪ್ಪೆ ಅಂತ ಉಂಟು, 2014ರಲ್ಲಿ ಹೆಸರಿಟ್ಟದ್ದು, ಗಂಡು ಕೈಯಲ್ಲಿ ಕೆಸರು ತಂದು ಮೊಟ್ಟೆಗೆ ಮೆತ್ತುತ್ತದೆ. ಪೊದೆಗಪ್ಪೆಗಳಲ್ಲಿ ಗೊದಮೊಟ್ಟೆ ಹೊರಗೆ ಬರುದೇ ಇಲ್ಲ, ಮೊಟ್ಟೆಯೊಳಗೇ ಎಲ್ಲ ಮುಗಿಸಿ ಸೀದಾ ಚಿಟಿಕೆಯಷ್ಟು ಕಪ್ಪೆಯೇ ಹೊರಗೆ. ಅಂದ್ರೆ ಕೆರೆ ಬೇಕಾಗಿಲ್ಲ, ಆದ್ರೂ ತೇವ ಬೇಕು, ಯಾಕಂದ್ರೆ ಆ ಮೊಟ್ಟೆಗೆ ಚಿಪ್ಪಿಲ್ಲ.

ಹಲ್ಲಿ ಕೋಳಿಗಳ ವಂಶದವರು ಮಾಡಿದ್ದು ಬೇರೆ, ಕೆರೆಯನ್ನೇ ಮೊಟ್ಟೆಯೊಳಗೆ ತುಂಬಿಸಿದ್ರು. ಒಳಗೆ ನೀರಿನ ಚೀಲ, ಅದರಲ್ಲಿ ಮರಿ ತೇಲ್ತದೆ, ಕಲ್ಮಶಕ್ಕೆ ಬೇರೆ ಚೀಲ, ಊಟಕ್ಕೆ ಹಳದಿ, ಹೊರಗೆ ಚಿಪ್ಪು, ಚಿಪ್ಪಲ್ಲಿ ಗಾಳಿ ಆಡ್ಲಿಕ್ಕೆ ಕಣ್ಣಿಗೆ ಕಾಣದ ತೂತು. ಕೆನಡಾದ ಜಾಗಿನ್ಸ್ ಅನ್ನುವಲ್ಲಿ ಟೊಳ್ಳು ಮರದ ಬುಡದೊಳಗೆ ಹೈಲೊನೊಮಸ್ ಅಂತ ಹಲ್ಲಿಯಂಥ ಪ್ರಾಣಿಯ ಮೂಳೆ ಸಿಕ್ಕಿದೆ, 31 ಕೋಟಿ ವರ್ಷಕ್ಕಿಂತ ಹಳೇದು, ಈ ವಂಶದ ತುಂಬ ಹಳೆಯ ಗುರುತುಗಳಲ್ಲಿ ಅದೂ ಒಂದು.

ಕಮೆಂಟ್ (ಕುಂದಾಪುರ): ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು. ಮತ್ಸ್ಯ, ಕೂರ್ಮ, ವರಾಹ. ಮೀನು, ಮತ್ತೆ ನೀರಲ್ಲೂ ನೆಲದಲ್ಲೂ ಇರುವ ಆಮೆ, ಮತ್ತೆ ನೆಲದ ಹಂದಿ. ಸರಿಯಾಗಿ ಆರ್ಡರಲ್ಲೇ ಉಂಟಲ್ಲ ಮೇಡಂ.

ಮೇಡಂ: ಬಯಲಾಟದಲ್ಲಿ ಆ ಕಥೆ ಬಂದ್ರೆ ನಾನೂ ಬೆಳಗಿನವರೆಗೆ ಕೂತು ನೋಡ್ತೇನೆ ಅಣ್ಣ, ಆದ್ರೆ ಝೂವಾಲಜಿ ಕ್ಲಾಸಿಗೆ ತರ್ಬೇಡಿ, ಆಮೆಯೇ ಕೈಕೊಡ್ತದೆ. ಆಮೆ ಮೀನಿಗೂ ನೆಲದವರಿಗೂ ನಡುವಿನದ್ದಲ್ಲ, ಅದು ಪೂರ್ತಿ ನೆಲದ ವಂಶದ್ದು. ಅದರಲ್ಲಿ ಕಡಲಾಮೆ ಅಂದ್ರೆ ವಾಪಸ್ ನೀರಿಗೆ ಹೋದದ್ದು. ಅದಕ್ಕೆ ಸಾಕ್ಷಿ ನಿಮ್ಮ ಬೀಚಲ್ಲೇ ಸಿಗ್ತದೆ. ಜೀವನ ಇಡೀ ಸಮುದ್ರದಲ್ಲೇ ಕಳೆಯುವ ಕಡಲಾಮೆ ಮೊಟ್ಟೆ ಇಡ್ಲಿಕ್ಕೆ ಮಾತ್ರ ರಾತ್ರಿ ಕಷ್ಟಪಟ್ಟು ಮರಳಿಗೆ ಹತ್ತಿ ಬರ್ತದೆ. ಯಾಕೆ, ನೀರಲ್ಲೇ ಇಡಬಹುದಲ್ಲ? ಇಡ್ಲಿಕ್ಕಾಗುದಿಲ್ಲ. ಆ ಚಿಪ್ಪಿನ ಮೊಟ್ಟೆ ಗಾಳಿಗಾಗಿ ಆದದ್ದು, ನೀರಿಗೆ ಹಾಕಿದ್ರೆ ಒಳಗಿನ ಮರಿ ಉಸಿರುಕಟ್ಟಿ ಸಾಯ್ತದೆ.

ಪ್ರಶ್ನೆ (ಬ್ರಹ್ಮಾವರ): ಮೇಡಂ ಮಗನ ಕೊನೆಯ ಪ್ರಶ್ನೆ ಅಂತೆ, ಮುಗುಡಿಗೆ ಇನ್ನು ಸ್ವಲ್ಪ ಕೋಟಿ ವರ್ಷ ಟೈಮ್ ಕೊಟ್ರೆ ಕಾಲು ಬರ್ತದಾ ಅಂತ.

ಮೇಡಂ: ಬರ್ಲೇಬೇಕು ಅಂತ ಯಾವ ರೂಲೂ ಇಲ್ಲ ಅಂತ ಹೇಳಿ. ನೆಲದಲ್ಲಿ ಈಗಾಗ್ಲೇ ನಾಯಿ, ಬೆಕ್ಕು, ಕೊಕ್ಕರೆ, ಟಾರ್ಚ್ ಹಿಡಿದ ನೀವು ಎಲ್ಲ ಇದ್ದೀರಿ, ಆಗ ಹುಳಹುಪ್ಪಟೆ ಬಿಟ್ರೆ ಯಾರೂ ಇರ್ಲಿಲ್ಲ. ಅಂದ ಹಾಗೆ ಆ ಮುಗುಡನ್ನ ಎಂತ ಮಾಡಿದ್ರಿ?

ಬ್ರಹ್ಮಾವರ: ಪುಳಿಮುಂಚಿ ಸಾರು.